ಮೆತ್ತನೆಯ ಚೀಲದೊಳಗೆ ಕ್ಯಾಮೆರಾ: ನೀರಿನಲ್ಲಿಯೂ ದಾರಿಯಲ್ಲಿಯೂ

ಕ್ಯಾಮೆರಾವನ್ನು ನೀರಿಗಿಳಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಅಲ್ಯೂಮಿನಿಯಂ ಅಥವಾ ಪಾಲಿಕಾರ್ಬೊನೇಟಿನಿಂದ, ಒಂದೊಂದು ಕ್ಯಾಮೆರಾದ ಮೈಕಟ್ಟಿಗೂ ಅಳತೆ ಹಿಡಿದು ಮಾಡಿದ ಗಟ್ಟಿ ಹೌಸಿಂಗ್ (ನೀರು ಹೊಗದ ಹೊರಕವಚ) ಒಂದು. ದಪ್ಪ ಪ್ಲಾಸ್ಟಿಕ್ ಹಾಳೆಯ ಚೀಲಕ್ಕೆ ಮುಂಭಾಗದಲ್ಲಿ ಚಪ್ಪಟೆ ಗಾಜೊಂದನ್ನು ಕೂರಿಸಿ, ಬೆರಳು ತೂರಿಸಲು ಕೈಗವಸಿನಂಥ ಭಾಗವೊಂದನ್ನು ಒಳಮುಖವಾಗಿ ಬೆಸೆದು, ಬಾಯಿಯನ್ನು ಎರಡು ಪಟ್ಟಿಗಳ ನಡುವೆ ಸಿಲುಕಿಸಿ ಬಿಗಿಯುವಂತೆ ಮಾಡಿದ ಮೆತ್ತನೆಯ ಹೌಸಿಂಗ್ ಇನ್ನೊಂದು. ನಾನು ಬಳಸುವುದು ಈ ಎರಡನೆಯದನ್ನು. ಜರ್ಮನಿಯ ಇವಾ-ಮರೀನ್, ದಕ್ಷಿಣ ಕೊರಿಯಾದ ಡಿಕಾಪ್ಯಾಕ್, ಬ್ರಿಟನ್ನಿನ ಅಕ್ವಾಪ್ಯಾಕ್ ಮುಂತಾದ ಹೆಸರುಗಳಲ್ಲಿ ಇಂಥ ಚೀಲಗಳು ಪ್ರಚಲಿತವಾಗಿವೆ. ಕೆಲವು ಚೀಲಗಳನ್ನು ಬರಿಯ ಈಜುಕೊಳದ ಆಳಕ್ಕೆ ಮಾಡಿದ್ದರೆ, ಎರಡು ಪದರಗಳನ್ನು ಬೆಸೆದ ದಪ್ಪ ಪಿವಿಸಿ ಚೀಲಗಳು 20 ಮೀಟರ್‌ವರೆಗೂ ಇಳಿಯಬಲ್ಲವು.

ಇದನ್ನು ಕಂಡವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಒಳಗೆ ನೀರು ನುಗ್ಗುವುದಿಲ್ಲವೇ? ಪ್ರಶ್ನೆ ಸಹಜವಾದದ್ದೇ ಆದರೂ, ಬಳಸುತ್ತ ಹೋದಂತೆ ನನಗೆ ಮನವರಿಕೆಯಾದದ್ದು ಬೇರೆ. ಚೀಲದ ಹೊರಗಿರುವ ನೀರಿನ ಬಗ್ಗೆ ಪಡಬೇಕಾದ ಚಿಂತೆಗಿಂತ ಒಳಗಿರುವ ಗಾಳಿಯ ಬಗ್ಗೆ ಪಡಬೇಕಾದ ಚಿಂತೆಯೇ ಹೆಚ್ಚು. ಗಾಳಿ ಎಷ್ಟಿದೆ, ಎಷ್ಟು ಒಣಗಿದೆ, ಆಳಕ್ಕೆ ಹೋದಂತೆ ಏನಾಗುತ್ತದೆ ಎಂಬುದನ್ನು ಅರಿತವರಿಗೆ ಈ ಚೀಲ ಬಹಳ ಕಾಲ ನಿಷ್ಠೆಯಿಂದ ದುಡಿಯುತ್ತದೆ. ಅರಿಯದವರಿಗೆ ಮೊದಲ ದಿನವೇ ಕಿರಿಕಿರಿ ತರುತ್ತದೆ.

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಗಟ್ಟಿ ಹೌಸಿಂಗಿನ ಒಳಗೆ ಮೇಲ್ಮೈಯ ಒತ್ತಡದ ಗಾಳಿಯೇ ಉಳಿದಿರುವುದರಿಂದ, 10 ಮೀಟರ್ ಆಳದಲ್ಲಿ ಅದರ ಗೋಡೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಂ ಭಾರ ಹೊರಗಿನಿಂದ ಒತ್ತುತ್ತಿರುತ್ತದೆ. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಕಿಟಕಿಯೊಂದರ ಮೇಲೆ ಇದು ನೂರು ಕಿಲೋಗ್ರಾಂ ಆಗುತ್ತದೆ. ಅದರ ಸಂದಿಯನ್ನು ಮುಚ್ಚುವ ರಬ್ಬರ್ ಉಂಗುರದ ಮೇಲೆ ಮರಳಿನ ಕಣವೊಂದು ಕುಳಿತಿದ್ದರೂ ಆ ಒತ್ತಡವೇ ನೀರನ್ನು ಒಳಕ್ಕೆ ತಳ್ಳುತ್ತದೆ. ಮೆತ್ತನೆಯ ಚೀಲದಲ್ಲಿ ಹೀಗಾಗುವುದಿಲ್ಲ. ಹೊರಗಿನ ನೀರು ಒತ್ತಿದಷ್ಟೂ ಚೀಲ ಒಳಸರಿದು, ಒಳಗಿನ ಗಾಳಿ ಕುಗ್ಗಿ, ಒಳ ಹೊರಗಿನ ಒತ್ತಡಗಳು ಸಮನಾಗುತ್ತವೆ. ಕುಗ್ಗಲು ಗಾಳಿ ಉಳಿದಿರುವವರೆಗೂ ಚೀಲದ ಬಾಯಿಯ ಮೇಲೆ ನೀರನ್ನು ಒಳದೂಡುವ ಬಲ ಹೆಚ್ಚೇನೂ ಇರುವುದಿಲ್ಲ. ಕಂಡರೆ ನಾಜೂಕೆನಿಸುವ ಈ ಚೀಲ ಇಷ್ಟು ಆಳವನ್ನು ತಾಳಿಕೊಳ್ಳುವ ಗುಟ್ಟು ಇದೇ.

ಈ ಉಪಾಯ ಹೊಸದೇನಲ್ಲ. 1856ರಲ್ಲಿ ಇಂಗ್ಲೆಂಡಿನ ವೇಮತ್ ಕೊಲ್ಲಿಯಲ್ಲಿ ವಿಲಿಯಂ ಥಾಂಪ್ಸನ್ ಎಂಬವರು ಕ್ಯಾಮೆರಾವನ್ನು ಪೆಟ್ಟಿಗೆಯೊಂದರಲ್ಲಿಟ್ಟು ದೋಣಿಯಿಂದ ಕೆಳಗಿಳಿಸಿದಾಗ ನೀರಿನ ಒತ್ತಡಕ್ಕೆ ಪೆಟ್ಟಿಗೆಯೊಳಗೆ ನೀರು ತುಂಬಿತು. ಆದರೂ ಮಸುಕಾದ ಒಂದು ಚಿತ್ರ ದಕ್ಕಿತು. 1893ರಲ್ಲಿ ಫ್ರಾನ್ಸಿನ ಬನ್ಯೂಲ್ಸ್ ತೀರದಲ್ಲಿ ಜೀವವಿಜ್ಞಾನಿ ಲೂಯಿ ಬೂಟಾನ್ ತಮ್ಮ ತಾಮ್ರದ ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಬಲೂನೊಂದನ್ನು ಜೋಡಿಸಿದ್ದರು. ಆಳಕ್ಕೆ ಹೋದಂತೆ ಬಲೂನು ಕುಗ್ಗಿ, ಅದರೊಳಗಿನ ಗಾಳಿ ಪೆಟ್ಟಿಗೆಗೆ ಸೇರಿ, ಒತ್ತಡ ಸರಿದೂಗುತ್ತಿತ್ತು. ಇಂದಿನ ಚೀಲದಲ್ಲಿ ಬಲೂನು ಬೇರೆ, ಪೆಟ್ಟಿಗೆ ಬೇರೆ ಎಂಬ ಭೇದವಿಲ್ಲ ಅಷ್ಟೇ. ಇಡೀ ಹೌಸಿಂಗೇ ಬಲೂನಾಗಿದೆ.

ಆದರೆ ಇದೇ ಗುಣ ತೊಂದರೆಯನ್ನೂ ತರುತ್ತದೆ. ಮೇಲ್ಮೈಯಲ್ಲಿ ಇದ್ದ ಗಾಳಿ 10 ಮೀಟರಿಗೆ ಅರ್ಧವಾಗುತ್ತದೆ, 20 ಮೀಟರಿಗೆ ಮೂರನೆಯ ಒಂದು ಭಾಗವಾಗುತ್ತದೆ. ಬದಲಾವಣೆ ಅತಿ ಹೆಚ್ಚಾಗಿರುವುದು ಮೊದಲ ಹತ್ತು ಮೀಟರಿನಲ್ಲಿಯೇ ಎಂಬುದನ್ನು ಗಮನಿಸಬೇಕು. ಗಾಳಿಯನ್ನು ಪೂರ್ತಿ ಹಿಂಡಿ ತೆಗೆದು ಇಳಿದರೆ, ಚೀಲವು ಒದ್ದೆ ಬಟ್ಟೆ ಮೈಗೆ ಅಂಟಿಕೊಂಡಂತೆ ಕ್ಯಾಮೆರಾದ ಸುತ್ತ ಬಿಗಿದುಕೊಳ್ಳುತ್ತದೆ. ಆಗ ಕೈಗವಸು ಒಳಗೆ ಅಲುಗಾಡುವುದಿಲ್ಲ, ಝೂಮ್ ಉಂಗುರ ತಿರುಗುವುದಿಲ್ಲ, ಬೇಡದ ಗುಂಡಿ ತಾನಾಗಿಯೇ ಒತ್ತಿಕೊಂಡು ಮೆನು ತೆರೆದುಕೊಳ್ಳುತ್ತದೆ. ಹೊರಚಾಚುವ ಲೆನ್ಸಿನ ಚಿಕ್ಕ ಕ್ಯಾಮೆರಾಗಳಲ್ಲಿ ಲೆನ್ಸಿನ ಮೋಟರು ಚೀಲದ ಬಿಗಿತಕ್ಕೆ ಎದುರಾಗಿ ತಿಣುಕುತ್ತದೆ. ಆದ್ದರಿಂದ ಎಷ್ಟು ಆಳಕ್ಕೆ ಹೋಗಬೇಕೆಂದಿದೆಯೋ ಅದಕ್ಕೆ ತಕ್ಕಷ್ಟು ಗಾಳಿಯನ್ನು ಮೊದಲೇ ಒಳಗೆ ಬಿಟ್ಟಿರಬೇಕು. ಮೇಲ್ಮೈಯಲ್ಲಿ ತೇಲುತ್ತ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿ ನೋಡುವವರಿಗೆ ಸ್ವಲ್ಪ ಸಾಕು. ಸಿಲಿಂಡರ್ ಕಟ್ಟಿಕೊಂಡು ಇಳಿಯುವವರಿಗೆ ಹೆಚ್ಚು ಬೇಕು.

ಹೆಚ್ಚು ಗಾಳಿ ಎಂದರೆ ಹೆಚ್ಚು ತೇಲುವಿಕೆ. ಇದನ್ನು ಲೆಕ್ಕದಿಂದಲೇ ತೋರಿಸುವುದು ಒಳ್ಳೆಯದು. ಕ್ಯಾಮೆರಾ, ಲೆನ್ಸು, ಚೀಲ ಮೂರೂ ಸೇರಿ ಒಂದೂವರೆ ಕಿಲೋಗ್ರಾಂ ತೂಗುತ್ತವೆ, ಅವುಗಳ ಗಾತ್ರ ಒಂದು ಲೀಟರ್, ಒಳಗೆ ಉಳಿದ ಗಾಳಿ ಒಂದೂವರೆ ಲೀಟರ್ ಎಂದುಕೊಳ್ಳೋಣ. ಸಮುದ್ರದ ನೀರು ಲೀಟರಿಗೆ ಸುಮಾರು 1.025 ಕಿಲೋಗ್ರಾಂ ತೂಗುವುದರಿಂದ ಮೇಲ್ಮೈಯಲ್ಲಿ ಈ ಚೀಲ ಸರಿಸುಮಾರು 2.56 ಕಿಲೋಗ್ರಾಂ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅಂದರೆ ಒಂದು ಕಿಲೋಗ್ರಾಮಿಗಿಂತ ಹೆಚ್ಚಿನ ಬಲದಿಂದ ಅದು ಕೈಯನ್ನು ಮೇಲಕ್ಕೆ ಜಗ್ಗುತ್ತದೆ. 10 ಮೀಟರ್ ಆಳದಲ್ಲಿ ಗಾಳಿ ಮುಕ್ಕಾಲು ಲೀಟರಿಗೆ ಇಳಿದು ಜಗ್ಗುವ ಬಲ ಸುಮಾರು ಮುನ್ನೂರು ಗ್ರಾಮಿಗೆ ಕುಸಿಯುತ್ತದೆ. 20 ಮೀಟರಿನಲ್ಲಿ ಗಾಳಿ ಅರ್ಧ ಲೀಟರಾಗಿ, ಚೀಲ ತೇಲದೆಯೂ ಮುಳುಗದೆಯೂ ನಿಂತಲ್ಲಿಯೇ ನಿಲ್ಲುವ ಸ್ಥಿತಿಗೆ ಹತ್ತಿರವಾಗುತ್ತದೆ. ಅದಕ್ಕೂ ಕೆಳಗೆ ಜಾರಿದರೆ ಮುಳುಗುವುದೇ ಸರಿ. ಮೇಲೆ ತೇಲುತ್ತದೆ, ಆದ್ದರಿಂದ ಕೈಬಿಟ್ಟರೂ ಕಳೆದುಹೋಗುವುದಿಲ್ಲ ಎಂಬ ಧೈರ್ಯ ಆಳದಲ್ಲಿ ನಡೆಯದು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುವುದು ಎರಡು ಸ್ಥಿತಿಗಳಿಗೂ ಬೇಕು.

ಮೇಲ್ಮೈಯ ಹತ್ತಿರ ಈ ಜಗ್ಗಾಟವೇ ದೊಡ್ಡ ತಲೆನೋವು. ಕೈ ಸ್ಥಿರವಾಗದೆ ಚಿತ್ರ ಅಲುಗುತ್ತದೆ, ಕೆಳಮುಖವಾಗಿ ಹಿಡಿದ ಗಾಜು ಮೇಲಕ್ಕೆ ವಾಲುತ್ತದೆ. ಚೀಲದೊಳಗೆ ಕ್ಯಾಮೆರಾದ ಕೆಳಗೆ ಸೀಸದ ತುಂಡುಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಇಡುವುದು ಹಳೆಯ ಉಪಾಯ. ಅವು ಒಳಗೆ ಉರುಳಾಡದಂತೆ ಇರಬೇಕು. ಉರುಳಿದರೆ ಪ್ಲಾಸ್ಟಿಕ್ಕಿಗೆ ಒಳಗಿನಿಂದಲೇ ಪೆಟ್ಟು ಬೀಳುತ್ತದೆ. ತೂಕವನ್ನು ಹೊರಗಿನ ಕೊಂಡಿಗೆ ತೂಗುಹಾಕುವುದಕ್ಕಿಂತ ಒಳಗೆ ಇಡುವುದೇ ನನ್ನ ಆಯ್ಕೆ, ಏಕೆಂದರೆ ಹೊರಗೆ ತೂಗುವ ತುಂಡು ಬಂಡೆಗೂ ಹವಳಕ್ಕೂ ಬಡಿಯುತ್ತದೆ.

ಗಾಳಿಯ ಪ್ರಮಾಣದಷ್ಟೇ ಅದರ ತೇವವೂ ಮುಖ್ಯ. ನೀರಿನಡಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಗಾಜಿನ ಒಳಮೈ ಮಂಜುಗಟ್ಟಿ, ತೆಗೆದ ಚಿತ್ರಗಳೆಲ್ಲ ಹಾಲು ಚೆಲ್ಲಿದಂತೆ ಬಿಳಿಚಿಕೊಂಡಿರುವುದನ್ನು ಕಂಡು ಚೀಲ ಸೋರುತ್ತಿದೆ ಎಂದು ದೂರುವವರು ಬಹಳ. ಸೋರಿಕೆ ಇಲ್ಲದೆಯೂ ಇದು ಆಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಲೀಟರಿಗೆ ಸುಮಾರು 30 ಮಿಲಿಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 20 ಡಿಗ್ರಿಯ ಗಾಳಿ ಸುಮಾರು 17 ಮಿಲಿಗ್ರಾಂ ಮಾತ್ರ. ಬಿಸಿಯಾದ, ಶೇಕಡಾ 80ರಷ್ಟು ತೇವವಿರುವ ಕಡಲತೀರದಲ್ಲಿ ಚೀಲ ಮುಚ್ಚಿದರೆ ಪ್ರತಿ ಲೀಟರಿನಲ್ಲೂ 24 ಮಿಲಿಗ್ರಾಂ ಆವಿ ಒಳಗೆ ಸೇರಿಕೊಂಡಿರುತ್ತದೆ. ನೀರು ಅದನ್ನು 20 ಡಿಗ್ರಿಗೆ ತಣಿಸಿದಾಗ ಏಳು ಮಿಲಿಗ್ರಾಂ ಆವಿ ನೀರಾಗಿ ಎಲ್ಲಾದರೂ ಇಳಿಯಲೇಬೇಕು. ಪಿವಿಸಿಗಿಂತ ಗಾಜು ಶಾಖವನ್ನು ಬೇಗ ಸಾಗಿಸುವುದರಿಂದ ಮೊದಲು ತಣ್ಣಗಾಗುವುದು ಗಾಜೇ. ಆವಿ ಇಳಿಯುವುದೂ ಅದರ ಮೇಲೆಯೇ. ಒಂದು ಹನಿಯಷ್ಟೂ ಇಲ್ಲದ ಆ ನೀರು ಚಿತ್ರವನ್ನು ಕೆಡಿಸಲು ಬೇಕಾದಷ್ಟಾಗುತ್ತದೆ.

ಆದ್ದರಿಂದ ಚೀಲವನ್ನು ಎಲ್ಲಿ ಮುಚ್ಚುತ್ತೇವೆ ಎಂಬುದು ಮುಖ್ಯವಾದ ವಿಷಯ. ಹವಾನಿಯಂತ್ರಿತ ಕೋಣೆಯ ಗಾಳಿ ಒಣಗಿರುವುದರಿಂದ ಹೊರಡುವ ಮುನ್ನ ಅಲ್ಲಿಯೇ ಮುಚ್ಚಿಬಿಡುವುದು ಲೇಸು. ದೋಣಿಯ ಮೇಲೆ, ಒದ್ದೆ ಕೈಗಳಿಂದ, ಉಪ್ಪುಗಾಳಿಯಲ್ಲಿ ಮುಚ್ಚುವುದು ಕೊನೆಯ ಆಯ್ಕೆ. ಗಾಳಿ ಸಾಲದೆಂದು ಬಾಯಿಯಿಂದ ಊದಿ ಚೀಲವನ್ನು ಉಬ್ಬಿಸುವವರಿದ್ದಾರೆ. ಉಸಿರು ಮೈಯ ಬಿಸಿಯಲ್ಲಿ ನೀರಾವಿಯಿಂದ ತುಂಬಿರುವ ಗಾಳಿ. ಅದಕ್ಕಿಂತ ಕೆಟ್ಟ ಗಾಳಿಯನ್ನು ಒಳಗೆ ತುಂಬುವುದು ಸಾಧ್ಯವಿಲ್ಲ. ಚೀಲದ ಬಾಯನ್ನು ಅಗಲವಾಗಿ ತೆರೆದು, ಕೋಣೆಯಲ್ಲಿ ಒಂದೆರಡು ಸಲ ಬೀಸಿ, ಒಳಗೆ ತಾನಾಗಿ ನುಗ್ಗಿದ ಗಾಳಿಯನ್ನು ಹಾಗೆಯೇ ಹಿಡಿದು ಮುಚ್ಚಿದರೆ ಸಾಕು.

ಇದರ ಜೊತೆಗೆ ಸಿಲಿಕಾ ಜೆಲ್ಲಿನ ಪುಟ್ಟ ಚೀಲವನ್ನೂ ಒಳಗೆ ಇಡಬೇಕು. ಕಿತ್ತಳೆ ಬಣ್ಣದ ಕಣಗಳು ತೇವ ಹೀರಿದಂತೆ ಕಡುಹಸಿರಾಗುವ ಬಗೆ ಇಂದು ಸಾಮಾನ್ಯ. ನೀಲಿಯಿಂದ ಗುಲಾಬಿಗೆ ತಿರುಗುವ ಹಳೆಯ ಬಗೆಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಬಣ್ಣ ತಿರುಗಿದ ಕಣಗಳನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಹೊರಗೆ ಸುರುವಿ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ತಾಸು ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತವೆ. ಜೆಲ್ಲಿಗೂ ಸಮಯ ಬೇಕು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಮುಚ್ಚಿದ ಕೂಡಲೇ ನೀರಿಗೆ ಧುಮುಕಿದರೆ ಅದು ಏನನ್ನೂ ಹೀರಿರುವುದಿಲ್ಲ. ಅರ್ಧ ತಾಸು ಮೊದಲೇ ಮುಚ್ಚಿ ನೆರಳಿನಲ್ಲಿ ಇಟ್ಟಿರಬೇಕು. ಬಿಸಿಲಿನಲ್ಲಿ ಇಡುವುದಂತೂ ಕೂಡದು. ಪಾರದರ್ಶಕ ಚೀಲದೊಳಗೆ ಬಿಸಿಲು ನುಗ್ಗಿ ಕಪ್ಪು ಕ್ಯಾಮೆರಾ ಕಾಯುತ್ತದೆ, ಆ ಕಾವು ಹೊರಹೋಗಲು ದಾರಿಯಿರುವುದಿಲ್ಲ.

ಬಾಯಿ ಮುಚ್ಚುವ ಕೆಲಸವನ್ನು ನಾನು ಬೇಕೆಂದೇ ನಿಧಾನವಾಗಿ ಮಾಡುತ್ತೇನೆ. ಮೊದಲು ಚೀಲದ ಎರಡು ತುಟಿಗಳನ್ನೂ ಒಣ ಬಟ್ಟೆಯಿಂದ ಒರೆಸಿ, ಬೆಳಕಿಗೆ ಅಡ್ಡಲಾಗಿ ಹಿಡಿದು, ಬೆರಳ ತುದಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಸವರಿಕೊಂಡು ಹೋಗಬೇಕು. ಕಣ್ಣಿಗೆ ಕಾಣದ ಮರಳು ಬೆರಳಿಗೆ ಸಿಗುತ್ತದೆ. ಅದಕ್ಕಿಂತ ಅಪಾಯಕಾರಿಯಾದದ್ದು ಒಂದೇ ಒಂದು ತಲೆಗೂದಲು ಅಥವಾ ಬಟ್ಟೆಯ ನೂಲು. ತುಟಿಗಳ ನಡುವೆ ಅಡ್ಡ ಮಲಗಿದ ಕೂದಲಿನ ಎರಡೂ ಮಗ್ಗುಲಲ್ಲಿ ಸೂಕ್ಷ್ಮವಾದ ಕಾಲುವೆ ಉಳಿಯುತ್ತದೆ, ನೀರು ಅದರ ಜಾಡು ಹಿಡಿದು ನುಸುಳುತ್ತದೆ. ತುಟಿಗಳು ಸುಕ್ಕಿಲ್ಲದೆ ಒಂದರ ಮೇಲೊಂದು ನೇರವಾಗಿ ಕೂತ ಮೇಲೆ ಪಟ್ಟಿಗಳನ್ನು ಜೋಡಿಸಿ, ತಿರುಪುಗಳಿರುವ ಬಗೆಯಾದರೆ ಒಂದನ್ನೇ ಪೂರ್ತಿ ಬಿಗಿಯದೆ ಎಲ್ಲವನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಇಕ್ಕಳ ಹಾಕಿ ಬಿಗಿಯುವ ಅಗತ್ಯವಿಲ್ಲ, ಬೆರಳಿನ ಬಲವೇ ಸಾಕು. ಮಡಚಿ ಅಂಟಿಸುವ ಬಗೆಯ ಚೀಲಗಳಲ್ಲಿ ಮಡಿಕೆಯ ಎರಡು ಮೂಲೆಗಳೇ ದುರ್ಬಲ ಜಾಗಗಳು. ಅಲ್ಲಿ ಮಡಿಕೆ ಸರಿಯಾಗಿ ಕೂತಿದೆಯೇ ಎಂದು ನೋಡದೆ ಮುಂದುವರಿಯಬಾರದು.

ಮುಚ್ಚಿದ ಚೀಲವನ್ನು ಬಕೆಟ್ಟಿನ ನೀರಿನಲ್ಲಿ ಹಿಡಿದು ಮೆಲ್ಲನೆ ಹಿಂಡಿದರೆ ಪರೀಕ್ಷೆ ಮುಗಿಯುತ್ತದೆ. ಬಾಯಿಯ ಉದ್ದಕ್ಕೂ, ಗಾಜಿನ ಸುತ್ತ, ಕೈಗವಸನ್ನು ಬೆಸೆದ ಹೊಲಿಗೆಯಲ್ಲಿ ಎಲ್ಲಿಯೂ ಗುಳ್ಳೆಗಳ ಸಾಲು ಏಳಬಾರದು. ಹೊರಮೈಗೆ ಅಂಟಿಕೊಂಡಿದ್ದ ಗುಳ್ಳೆ ಒಮ್ಮೆ ಎದ್ದು ನಿಲ್ಲುತ್ತದೆ, ಸೋರುವ ಗುಳ್ಳೆ ಒಂದೇ ಜಾಗದಿಂದ ಮತ್ತೆ ಮತ್ತೆ ಬರುತ್ತದೆ. ಹೊಸ ಚೀಲವನ್ನಾಗಲಿ, ಬಹಳ ದಿನ ಬಳಸದೆ ಇಟ್ಟದ್ದನ್ನಾಗಲಿ ಕ್ಯಾಮೆರಾ ಇಲ್ಲದೆ, ಒಳಗೆ ಒಣ ಕಾಗದ ತುರುಕಿ, ಮೇಲೆ ಭಾರವಿಟ್ಟು ಕೆಲವು ತಾಸು ಮುಳುಗಿಸಿ ನೋಡುವುದು ಇನ್ನೂ ಒಳ್ಳೆಯದು. ಕಾಗದದ ಮೂಲೆ ಒದ್ದೆಯಾಗಿದ್ದರೆ ಸೋರುವ ಜಾಗ ಯಾವುದೆಂಬುದೂ ಗೊತ್ತಾಗುತ್ತದೆ.

ಇನ್ನು ಗಾಜಿನ ವಿಷಯ. ಚಪ್ಪಟೆ ಗಾಜಿನ ಮೂಲಕ ನೀರಿನೊಳಗೆ ನೋಡುವ ಲೆನ್ಸಿಗೆ ವಸ್ತುಗಳು ಇರುವ ದೂರದ ಮುಕ್ಕಾಲು ಪಾಲಿನಷ್ಟೇ ದೂರದಲ್ಲಿರುವಂತೆ ಕಾಣುತ್ತವೆ. ಒಂದು ಮೀಟರ್ ದೂರದ ಮೀನಿಗೆ ಕ್ಯಾಮೆರಾ 75 ಸೆಂಟಿಮೀಟರಿನಲ್ಲಿ ಫೋಕಸ್ ಮಾಡುತ್ತದೆ. ಅದು ತನಗೆ ಕಂಡದ್ದಕ್ಕೇ ಫೋಕಸ್ ಮಾಡುವುದರಿಂದ ಚಿತ್ರಕ್ಕೇನೂ ದೋಷವಿಲ್ಲ. ಕೈಯಿಂದ ದೂರವನ್ನು ಗುರುತು ಹಾಕಿಕೊಳ್ಳುವವರು ಮಾತ್ರ ಇದನ್ನು ನೆನಪಿಡಬೇಕು. ಹೆಚ್ಚು ಬಾಧಿಸುವುದು ನೋಟದ ಕೋನ ಕಿರಿದಾಗುವುದು. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ಬಾಗುತ್ತದೆ ಎಂಬುದರ ಅಳತೆ) ಸುಮಾರು 1.33 ಆದ್ದರಿಂದ 24 ಮಿಲಿಮೀಟರಿನ ಲೆನ್ಸು 32 ಮಿಲಿಮೀಟರಿನಂತೆಯೂ, 35 ಮಿಲಿಮೀಟರಿನದು ಸುಮಾರು 47 ಮಿಲಿಮೀಟರಿನಂತೆಯೂ ವರ್ತಿಸುತ್ತದೆ. ಎಷ್ಟೇ ಅಗಲವಾದ ಲೆನ್ಸು ಹಾಕಿದರೂ ಚಪ್ಪಟೆ ಗಾಜಿನ ಮೂಲಕ ಸುಮಾರು 97 ಡಿಗ್ರಿಗಿಂತ ಅಗಲವಾದ ನೋಟ ಸಿಗುವುದು ಭೌತಶಾಸ್ತ್ರದ ಪ್ರಕಾರವೇ ಅಸಾಧ್ಯ. ಆ ಎಲ್ಲೆಯ ಹತ್ತಿರ ಬಂದಂತೆ ಅಂಚುಗಳು ಹೊರಕ್ಕೆ ಎಳೆದಂತಾಗಿ, ಬಿಳಿಯ ಗೆರೆಗಳ ಪಕ್ಕದಲ್ಲಿ ಬಣ್ಣದ ಅಂಚು ಮೂಡುತ್ತದೆ. ಗುಮ್ಮಟದಾಕಾರದ ಗಾಜಿರುವ ಗಟ್ಟಿ ಹೌಸಿಂಗುಗಳು ಇದನ್ನು ನಿವಾರಿಸುತ್ತವೆ. ಚೀಲಗಳಲ್ಲಿ ಅಂಥದ್ದು ಅಪರೂಪ. ಅದಕ್ಕಾಗಿ ಚೀಲದಲ್ಲಿ ಮಧ್ಯಮ ಅಗಲದ ಲೆನ್ಸನ್ನೇ ಬಳಸಿ, ಮುಖ್ಯ ವಸ್ತುವನ್ನು ಅಂಚಿಗೆ ತಳ್ಳದೆ ನಡುವಿನ ಭಾಗದಲ್ಲಿ ಇಟ್ಟುಕೊಳ್ಳುವುದು ನನ್ನ ರೂಢಿ.

ಲೆನ್ಸಿನ ಮೂತಿ ಗಾಜಿಗೆ ಆದಷ್ಟು ಹತ್ತಿರವಿರಬೇಕು. ಕೆಲವು ಚೀಲಗಳ ಜೊತೆ ಬರುವ ಉಂಗುರವನ್ನು ಲೆನ್ಸಿನ ಮುಂದೆ ಫಿಲ್ಟರ್ ಕೂರಿಸುವ ತಿರುಪಿನ ಗೆರೆಗಳಿಗೆ ತಿರುಗಿಸಿ ಕೂರಿಸಿದರೆ ಲೆನ್ಸು ಗಾಜಿನ ನಡುವಿಗೆ ಸರಿಯಾಗಿ ನಿಲ್ಲುತ್ತದೆ. ಆ ಉಂಗುರವಿಲ್ಲದಿದ್ದರೆ ಲೆನ್ಸು ಓರೆಯಾಗಿ ಜಾರಿ ಚಿತ್ರದ ಮೂಲೆಗಳಲ್ಲಿ ಚೀಲದ ಅಂಚು ಕಪ್ಪಾಗಿ ಕಾಣಿಸಿಕೊಳ್ಳುತ್ತದೆ. ಲೆನ್ಸಿನ ಮುಂಭಾಗದ ಸುತ್ತ ಬಿಳಿ ಅಕ್ಷರಗಳಲ್ಲಿ ಬರೆದ ಹೆಸರು, ಸಂಖ್ಯೆಗಳು ಗಾಜಿನಲ್ಲಿ ಪ್ರತಿಫಲಿಸಿ ಚಿತ್ರದಲ್ಲಿ ತಿರುಗುಮುರುಗಾಗಿ ಮೂಡುವುದೂ ಉಂಟು. ಕಪ್ಪು ಟೇಪಿನ ಚಿಕ್ಕ ತುಂಡುಗಳಿಂದ ಆ ಅಕ್ಷರಗಳನ್ನು ಮುಚ್ಚಿದರೆ ತೊಂದರೆ ಕಳೆಯುತ್ತದೆ.

ಒಮ್ಮೆ ಮುಚ್ಚಿದ ಚೀಲದೊಳಗೆ ಲೆನ್ಸು ಬದಲಿಸಲಾಗದು, ಕಾರ್ಡು ಬದಲಿಸಲಾಗದು, ಮೆನುವಿನ ಒಳಹೊಕ್ಕು ಏನನ್ನಾದರೂ ಹುಡುಕುವುದೂ ಪ್ರಯಾಸದ ಕೆಲಸ. ಹೀಗಾಗಿ ಎಲ್ಲ ತೀರ್ಮಾನಗಳೂ ಮೊದಲೇ ಆಗಿರಬೇಕು. ಪೂರ್ತಿ ತುಂಬಿದ ಬ್ಯಾಟರಿ, ಖಾಲಿ ಕಾರ್ಡು, ರಾ ಕಡತ (ಆಮೇಲೆ ತಿದ್ದಲು ಅನುಕೂಲವಾದ ಕಚ್ಚಾ ಚಿತ್ರ), ತಾನಾಗಿ ಹೊಂದಿಕೊಳ್ಳುವ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ಸೆಕೆಂಡಿನ 1/250 ಭಾಗದ ಆಸುಪಾಸಿನ ಶಟರ್ ವೇಗ ಇಷ್ಟನ್ನು ಹೊಂದಿಸಿಕೊಂಡರೆ ಬಹುತೇಕ ಕೆಲಸ ನಡೆಯುತ್ತದೆ. ಪರದೆಯ ಸ್ಪರ್ಶವನ್ನು ತಪ್ಪದೆ ನಿಷ್ಕ್ರಿಯಗೊಳಿಸಬೇಕು, ಏಕೆಂದರೆ ನೀರು ಚೀಲವನ್ನು ಪರದೆಗೆ ಒತ್ತಿದಾಗ ಫೋಕಸಿನ ಬಿಂದು ಎಲ್ಲಿಗೋ ಓಡಿಹೋಗುತ್ತದೆ. ಫೋನಿನ ಚೀಲಗಳಲ್ಲಿಯೂ ಇದೇ ಕಥೆ. ದಡದಲ್ಲಿ ಚೀಲದ ಮೇಲಿಂದಲೇ ಸಲೀಸಾಗಿ ನಡೆಯುತ್ತಿದ್ದ ಪರದೆ ನೀರಿನಡಿ ಮಾತು ಕೇಳುವುದಿಲ್ಲ. ಅಲ್ಲಿ ಧ್ವನಿ ಹೆಚ್ಚಿಸುವ ಗುಂಡಿಯನ್ನೇ ಶಟರ್ ಮಾಡಿಕೊಂಡು ಇಳಿಯಬೇಕು. ವ್ಯೂಫೈಂಡರಿಗೆ ಕಣ್ಣು ಹಚ್ಚಲು ಮುಖವಾಡ ಬಿಡುವುದಿಲ್ಲವಾದ್ದರಿಂದ ಹಿಂಬದಿ ಪರದೆಯೇ ಗತಿ, ಅದರ ಬೆಳಕನ್ನು ಗರಿಷ್ಠಕ್ಕೆ ಏರಿಸಿರಬೇಕು.

ಬಣ್ಣದ ವಿಷಯದಲ್ಲಿ ಚೀಲಕ್ಕೂ ಗಟ್ಟಿ ಹೌಸಿಂಗಿಗೂ ಭೇದವಿಲ್ಲ. ನೀರು ಮೊದಲು ನುಂಗುವುದು ಕೆಂಪನ್ನು. ತಿಳಿನೀರಿನಲ್ಲಿಯೂ ಸುಮಾರು ಐದು ಮೀಟರಿನಷ್ಟರಲ್ಲಿ ಕೆಂಪಿನ ಬಹುಭಾಗ ಮಾಯವಾಗುತ್ತದೆ, ಅದರ ಹಿಂದೆ ಕಿತ್ತಳೆ, ಆಮೇಲೆ ಹಳದಿ. ಈ ಲೆಕ್ಕಕ್ಕೆ ಆಳ ಮಾತ್ರ ಸೇರುವುದಿಲ್ಲ. ಬೆಳಕು ಮೇಲಿನಿಂದ ವಸ್ತುವಿಗೆ, ವಸ್ತುವಿನಿಂದ ಲೆನ್ಸಿಗೆ ಸಾಗುವ ಪೂರ್ತಿ ದಾರಿಯೂ ಸೇರುತ್ತದೆ. ಮೂರು ಮೀಟರ್ ಆಳದಲ್ಲಿರುವ ಹವಳವನ್ನು ಎರಡು ಮೀಟರ್ ದೂರದಿಂದ ತೆಗೆದರೆ ಐದು ಮೀಟರ್ ನೀರನ್ನು ದಾಟಿ ಬಂದ ಬೆಳಕೇ ದಕ್ಕುತ್ತದೆ. ಆದ್ದರಿಂದ ಹತ್ತಿರ ಹೋಗುವುದಕ್ಕಿಂತ ದೊಡ್ಡ ಉಪಾಯವಿಲ್ಲ. ಬಿಸಿಲು ನೆತ್ತಿಯ ಮೇಲಿರುವ ಹೊತ್ತನ್ನು ಆರಿಸಿಕೊಂಡು, ಎರಡು ಮೂರು ಮೀಟರ್ ಆಳದೊಳಗೇ ಉಳಿದು, ಕೈ ಚಾಚಿದಷ್ಟು ದೂರದಲ್ಲಿ ಚಿತ್ರ ತೆಗೆಯುವವರಿಗೆ ಚೀಲದಿಂದ ಸಿಗುವ ಬಣ್ಣಗಳು ನಿರಾಸೆಗೊಳಿಸುವುದಿಲ್ಲ. ಬಿಳಿಯ ಅಥವಾ ಬೂದು ಬಣ್ಣದ ಫಲಕವೊಂದನ್ನು ಜೊತೆಗೆ ಒಯ್ದು ಅದೇ ಆಳದಲ್ಲಿ ಅದರ ಚಿತ್ರ ತೆಗೆದಿಟ್ಟುಕೊಂಡರೆ ಆಮೇಲೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣಗಳ ಹೊಂದಾಣಿಕೆ) ಸರಿಪಡಿಸುವುದು ಸುಲಭ. ಕೆಂಪು ಫಿಲ್ಟರ್ ಹಾಕುವುದನ್ನು ನಾನು ಇಷ್ಟಪಡುವುದಿಲ್ಲ. ಒಳಗೆ ಹಾಕಿದ ಫಿಲ್ಟರನ್ನು ನೀರಿನಿಂದ ಮೇಲೆದ್ದಾಗ ತೆಗೆಯಲಾಗದು, ದೋಣಿಯ ಮೇಲಿನ ಚಿತ್ರಗಳೆಲ್ಲ ಕೆಂಪಡರಿ ಬರುತ್ತವೆ.

ಕ್ಯಾಮೆರಾದ ಮೇಲೆಯೇ ಇರುವ ಫ್ಲ್ಯಾಷನ್ನು ಚೀಲದೊಳಗೆ ಬಳಸದಿರುವುದು ವಾಸಿ. ಅದರ ಬೆಳಕು ಗಾಜಿಗೂ ಪ್ಲಾಸ್ಟಿಕ್ಕಿಗೂ ಬಡಿದು ಹಿಂದಿರುಗುತ್ತದೆ. ಉಳಿದದ್ದು ಲೆನ್ಸಿನ ಮುಂದೆ ತೇಲುವ ಧೂಳುಕಣಗಳನ್ನು ಬೆಳಗಿ ಚಿತ್ರದ ತುಂಬ ಬಿಳಿ ಚುಕ್ಕೆ ಸುರಿಯುತ್ತದೆ.

ಈ ಚೀಲಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಡಲಿನ ಮಾತನ್ನೇ ಆಡುತ್ತಾರೆ. ನನ್ನ ಚೀಲ ನೀರಿನಡಿ ಕಳೆದದ್ದಕ್ಕಿಂತ ಹೆಚ್ಚು ಹೊತ್ತನ್ನು ನೀರಿನ ಮೇಲೆ ಕಳೆದಿದೆ. ಜಲಪಾತದ ತುಂತುರಿನಲ್ಲಿ, ದೋಣಿಯ ಮೂತಿಗೆ ಅಲೆ ಬಡಿದು ಉಪ್ಪುನೀರು ಎರಚುವಲ್ಲಿ, ಸುರಿಯುವ ಮಳೆಯಲ್ಲಿ, ಮರಳುಗಾಳಿಯಲ್ಲಿ ಅದು ಕೊಡುವ ನಿಶ್ಚಿಂತೆ ದೊಡ್ಡದು. ಗಟ್ಟಿ ಹೌಸಿಂಗನ್ನು ಯಾರೂ ಬೆನ್ನಚೀಲದಲ್ಲಿ ಸುಮ್ಮನೆ ಹೊತ್ತು ತಿರುಗಲಾರರು. ಇದನ್ನಾದರೆ ಬಟ್ಟೆಗಳ ನಡುವೆ ಸುರುಳಿ ಸುತ್ತಿ ಇಡಬಹುದು. ಕ್ಯಾಮೆರಾ ಬದಲಾದರೂ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಅದೇ ಚೀಲ ನಡೆಯುತ್ತದೆ. ಗಟ್ಟಿ ಹೌಸಿಂಗಾದರೆ ಹೊಸ ಮಾದರಿಯ ಒಂದು ಗುಂಡಿ ಅರ್ಧ ಸೆಂಟಿಮೀಟರ್ ಸರಿದಿದ್ದರೂ ನಿರುಪಯುಕ್ತ.

ನೀರಿನ ಮೇಲೆ ಬಳಸುವಾಗ ಕಾಡುವುದು ಗಾಜಿನ ಹೊರಮೈಗೆ ಅಂಟುವ ಹನಿಗಳು. ಅರ್ಧ ನೀರಿನೊಳಗೆ, ಅರ್ಧ ಹೊರಗೆ ತೆಗೆಯುವ ಚಿತ್ರಗಳಲ್ಲಂತೂ ಮೇಲಿನ ಅರ್ಧದಲ್ಲಿ ನಿಂತ ಹನಿಯೊಂದು ಆಕಾಶವನ್ನೇ ಕಲಕಿಬಿಡುತ್ತದೆ. ಇಂಥ ಚಿತ್ರಗಳಿಗೆ ಚೀಲದ ಚಿಕ್ಕ ಗಾಜು ಒಗ್ಗುವುದೂ ಇಲ್ಲ. ನೀರು ಗಾಜಿಗೆ ತಾಗುವಲ್ಲಿ ಏಳುವ ಬಾಗಿದ ಅಂಚು ದಪ್ಪ ಪಟ್ಟಿಯಾಗಿ ಚಿತ್ರವನ್ನು ಅಡ್ಡಲಾಗಿ ಸೀಳುತ್ತದೆ. ಪೂರ್ತಿ ಹೊರಗೆ ತೆಗೆಯುವಾಗ ಗಾಜನ್ನು ಒಮ್ಮೆ ನೀರಿನಲ್ಲಿ ಅದ್ದಿ ಎತ್ತಿ, ನೀರು ತೆಳುವಾದ ಪದರವಾಗಿ ಇಳಿಯುತ್ತಿರುವಾಗಲೇ, ಅದು ಒಡೆದು ಹನಿಗಳಾಗುವ ಮೊದಲೇ ಗುಂಡಿ ಒತ್ತಬೇಕು. ಎಂಜಲು ಸವರಿ ತೊಳೆದ ಗಾಜಿನ ಮೇಲೆ ಆ ಪದರ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಮಳೆಯಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಗಾಜನ್ನು ತುಸು ಕೆಳಮುಖವಾಗಿ ಹಿಡಿದು ಆಗಾಗ ಒರೆಸುವುದೊಂದೇ ದಾರಿ. ಬೆವರು, ಬಿಸಿಲಿಗೆ ಹಚ್ಚುವ ಕ್ರೀಮು ತಗುಲಿದ ಬೆರಳು ಗಾಜಿಗೆ ತಾಗಿದರೆ ಒರೆಸಿದಷ್ಟೂ ಹರಡುತ್ತದೆ. ಮೃದುವಾದ ಸೋಪು ನೀರಿನಿಂದ ತೊಳೆಯಬೇಕಾಗುತ್ತದೆ.

ಹಿಮ ಬೀಳುವ ಕಡೆ ಇದರದ್ದು ಇನ್ನೊಂದೇ ಪಾತ್ರ. ಕೊರೆಯುವ ಚಳಿಯಲ್ಲಿ ಇದ್ದ ಕ್ಯಾಮೆರಾವನ್ನು ನೇರವಾಗಿ ಬೆಚ್ಚಗಿನ ಕೋಣೆಗೆ ತಂದರೆ ಅದರ ಮೈಮೇಲೆಲ್ಲ ತೇವ ಇಳಿಯುತ್ತದೆ, ಲೆನ್ಸಿನ ಒಳಗೂ ಇಳಿಯಬಹುದು. ಹೊರಗಿರುವಾಗಲೇ, ಅಲ್ಲಿನ ತಣ್ಣನೆಯ ಒಣಗಾಳಿಯೊಂದಿಗೆ ಚೀಲದೊಳಗೆ ಇಟ್ಟು ಮುಚ್ಚಿ ತಂದರೆ ಆ ತೇವವೆಲ್ಲ ಚೀಲದ ಹೊರಮೈಮೇಲೆ ಇಳಿದು ಕ್ಯಾಮೆರಾ ಒಣಗಿಯೇ ಇರುತ್ತದೆ. ಅದು ಕೋಣೆಯ ಶಾಖಕ್ಕೆ ಬರುವವರೆಗೂ ತೆರೆಯದಿರುವ ತಾಳ್ಮೆ ಬೇಕು. ಒಂದು ಎಚ್ಚರಿಕೆ ಇದೆ: ಚಳಿಗೆ ಪಿವಿಸಿ ಬಿರುಸಾಗುತ್ತದೆ, ಆಗ ಬಲವಂತವಾಗಿ ಮಡಚಿದರೆ ಸೀಳು ಬೀಳುತ್ತದೆ. ಪಾಲಿಯುರೆಥೇನಿನ ಚೀಲಗಳು ಚಳಿಯಲ್ಲಿಯೂ ಬಾಗುತ್ತವೆ.

ಕಡಲಿನಿಂದ ಬಂದ ಮೇಲೆ ಮಾಡುವ ಆರೈಕೆಯಲ್ಲಿ ಕ್ರಮ ತಪ್ಪಬಾರದು. ಮುಚ್ಚಿದ ಚೀಲವನ್ನು ಹಾಗೆಯೇ ಸಿಹಿನೀರಿನಲ್ಲಿ ನೆನೆಸಿ, ಪಟ್ಟಿಗಳ ಸಂದಿಯಲ್ಲಿ ಕೂತ ಉಪ್ಪು ಕರಗಿದ ಮೇಲೆ ಒರೆಸಿ ಒಣಗಿಸಬೇಕು. ಉಪ್ಪು ಒಣಗಿ ಹರಳಾದರೆ ಅದರ ಚೂಪು ಅಂಚುಗಳು ತುಟಿಗಳನ್ನು ಗೀರುತ್ತವೆ. ತೆರೆಯುವ ಮುನ್ನ ಕೈಗಳನ್ನು ಮಾತ್ರ ಒರೆಸಿಕೊಂಡರೆ ಸಾಲದು, ತಲೆಯನ್ನೂ ಒರೆಸಿಕೊಳ್ಳಬೇಕು. ಬಗ್ಗಿ ನೋಡುವಾಗ ಕೂದಲಿನಿಂದ ತೊಟ್ಟಿಕ್ಕುವ ನೀರು ಬೀಳುವುದು ನೇರವಾಗಿ ಕ್ಯಾಮೆರಾದ ಮೇಲೆಯೇ. ಚೀಲದ ಬಾಯಿಯನ್ನು ಕೆಳಮುಖವಾಗಿ ಹಿಡಿದು ಪಟ್ಟಿ ಸಡಿಲಿಸಿದರೆ ಸಂದಿಯಲ್ಲಿ ಉಳಿದ ಹನಿಗಳು ಒಳಗೆ ಹೋಗದೆ ಹೊರಗೆ ಬೀಳುತ್ತವೆ, ಕ್ಯಾಮೆರಾ ಜಾರದಂತೆ ಇನ್ನೊಂದು ಕೈ ಆಧಾರ ಕೊಡಬೇಕು.

ನೀರಿನಡಿ ಇರುವಾಗಲೇ ಒಳಗೆ ಹನಿ ಕಂಡರೆ ಗಾಬರಿಗೊಳ್ಳುವ ಬದಲು ಕ್ಯಾಮೆರಾ ಮೇಲಿದ್ದು ನೀರು ಚೀಲದ ಕೆಳಮೂಲೆಯಲ್ಲಿ ನಿಲ್ಲುವಂತೆ ಹಿಡಿದುಕೊಂಡು, ಮುಳುಗುಗಾರರು ಮೇಲೇರುವ ವೇಗಕ್ಕಿರುವ ನಿಯಮವನ್ನು ಮೀರದೆ ಮೇಲೆ ಬರಬೇಕು. ಗಟ್ಟಿ ಹೌಸಿಂಗಿಗೆ ಹೋಲಿಸಿದರೆ ಚೀಲದಲ್ಲಿ ಜಾಗ ಹೆಚ್ಚಿರುವುದರಿಂದ ಸ್ವಲ್ಪ ನೀರು ಕ್ಯಾಮೆರಾವನ್ನು ಮುಟ್ಟದೆಯೇ ನಿಲ್ಲಬಲ್ಲದು. ತೆಗೆದ ಕೂಡಲೇ ಬ್ಯಾಟರಿ ಕಳಚಬೇಕು, ಕೆಲಸ ಮಾಡುತ್ತಿದೆಯೇ ಎಂದು ಆನ್ ಮಾಡಿ ನೋಡಬಾರದು.

ಪ್ರತಿ ವಾರ ಆಳಕ್ಕಿಳಿಯುವವರು, ಹೊರಗಿನ ಎರಡು ಫ್ಲ್ಯಾಷ್ ಕಟ್ಟಿಕೊಂಡು ಬೆರಳುಗುರಿನಷ್ಟು ಜೀವಿಗಳ ಚಿತ್ರ ತೆಗೆಯುವವರು ಈ ಚೀಲವನ್ನು ನೆಚ್ಚಬಾರದು. ಒಂದೊಂದು ಗುಂಡಿಗೂ ನಿಖರವಾದ ಕೀಲಿರುವ ಗಟ್ಟಿ ಹೌಸಿಂಗೇ ಅವರಿಗೆ ತಕ್ಕದ್ದು. ಮೇಲಿನ ಹತ್ತು ಮೀಟರಿನಲ್ಲಿ ಬೆಳಕಿರುವ ಕಡೆ ಈಜಾಡುವವರಿಗೂ, ದಾರಿಯಲ್ಲಿ ಮಳೆ ಧೂಳುಗಳನ್ನು ಲೆಕ್ಕಿಸದೆ ಚಿತ್ರ ತೆಗೆಯಬೇಕೆನ್ನುವವರಿಗೂ ನಾನು ಚೀಲವನ್ನೇ ಹೇಳುತ್ತೇನೆ. ಬಳಸದ ದಿನಗಳಲ್ಲಿ ಅದನ್ನು ಮಡಚಿಡದೆ, ಒಳಗೆ ಕಾಗದವನ್ನು ಸಡಿಲವಾಗಿ ತುಂಬಿ, ಬಾಯಿಯ ಪಟ್ಟಿಗಳನ್ನು ಬಿಗಿಯದೆ, ಬಿಸಿಲು ತಾಗದ ಕಡೆ ಇಟ್ಟಿರಬೇಕು. ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಚಿದ ಪ್ಲಾಸ್ಟಿಕ್ ಸೀಳುವುದು ಆ ಗೆರೆಯಲ್ಲಿಯೇ.